ಮೆಶ್ ವೈಫೈಗೆ ಕೇಬಲ್ ಎಳೆದರೂ ವೇಗ 94 ಎಂಬಿಪಿಎಸ್ ದಾಟುತ್ತಿಲ್ಲ, ಏಕೆ?

ಪ್ರಶ್ನೆ

ಮೂರು ಅಂತಸ್ತಿನ ಮನೆಯಲ್ಲಿ ಅಂತಸ್ತಿಗೊಂದರಂತೆ ಮೂರು ಮೆಶ್ ಘಟಕಗಳಿವೆ (ಒಟ್ಟಾಗಿ ಮನೆಯಿಡೀ ಒಂದೇ ವೈಫೈ ಹರಡುವ ಸಾಧನಗಳು). ಮೇಲಿನ ಮಹಡಿಯಲ್ಲಿ ವಿಡಿಯೊ ಕರೆಗಳು ಪದೇ ಪದೇ ತುಂಡಾಗುತ್ತಿದ್ದುದರಿಂದ, ಗೋಡೆಯೊಳಗಿನ ಪೈಪುಗಳಲ್ಲಿ ಕ್ಯಾಟ್ 5ಇ ದರ್ಜೆಯ ನೆಟ್‌ವರ್ಕ್ ಕೇಬಲ್ ಎಳೆಸಿ, ತುದಿಗಳಿಗೆ ನಾನೇ ಪ್ಲಗ್ ಹಾಕಿದೆ. ಮೊದಲ ಮಹಡಿಯ ಘಟಕ ಕೆಳಗಿನ ಮುಖ್ಯ ಘಟಕಕ್ಕೆ ನೇರವಾಗಿ ಸೇರಿದೆ. ಆ್ಯಪ್‌ನಲ್ಲಿ ಅದು ವೈರ್ಡ್ ಎಂದೇ ಕಾಣುತ್ತದೆಯಾದರೂ, 300 ಎಂಬಿಪಿಎಸ್ ಸಂಪರ್ಕವಿರುವಾಗ ಅಲ್ಲಿ 94ಕ್ಕಿಂತ ಹೆಚ್ಚು ಸಿಗುತ್ತಿಲ್ಲ. ಮುಖ್ಯ ಘಟಕದಲ್ಲಿ ಪೋರ್ಟ್ ಉಳಿಯದ ಕಾರಣ ಎರಡನೆಯ ಮಹಡಿಯ ಕೇಬಲನ್ನು ಮೋಡೆಮ್‌ಗೇ ಸಿಕ್ಕಿಸಿದೆ. ಆ ಘಟಕ ಈಗಲೂ ವೈರ್‌ಲೆಸ್ ಆಗಿಯೇ ಇದೆ. ಇಡೀ ಕೇಬಲನ್ನೇ ಕ್ಯಾಟ್ 6ಕ್ಕೆ ಬದಲಿಸಬೇಕೆ?

ಉತ್ತರ 1

ದಯವಿಟ್ಟು ಗೋಡೆಗೆ ಮತ್ತೆ ಕೈ ಹಾಕಬೇಡಿ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ (1000 ಎಂಬಿಪಿಎಸ್) ವೇಗವನ್ನು ನಿರಾಯಾಸವಾಗಿ ಒಯ್ಯುತ್ತದೆ. 94 ಎಂಬ ಸಂಖ್ಯೆಯೇ ಇಲ್ಲಿ ಸುಳಿವು: 100 ಎಂಬಿಪಿಎಸ್ ಲಿಂಕ್‌ನಲ್ಲಿ ದತ್ತಾಂಶದ ಪ್ರತಿ ತುಣುಕಿಗೂ (ಪ್ಯಾಕೆಟ್) ಸೇರುವ ವಿಳಾಸ ಮುಂತಾದವುಗಳ ಹೊರೆ ಕಳೆದು ಬಳಕೆಗೆ ಉಳಿಯುವುದು ಸುಮಾರು ಅಷ್ಟೇ. ಗಿಗಾಬಿಟ್‌ಗೆ ಕೇಬಲ್‌ನ ನಾಲ್ಕೂ ಜೋಡಿ ತಂತಿಗಳು ಬೇಕು, 100ಕ್ಕೆ 1, 2, 3, 6ನೇ ಪಿನ್‌ಗಳ ಎರಡು ಜೋಡಿ ಸಾಕು. ಹೀಗಾಗಿ ನೀಲಿ ಅಥವಾ ಕಂದು ಜೋಡಿಯ ಒಂದೇ ಒಂದು ತಂತಿ ಪ್ಲಗ್‌ನಲ್ಲಿ ಸರಿಯಾಗಿ ಕೂರದಿದ್ದರೂ ಲಿಂಕ್ 100ಕ್ಕೆ ಇಳಿಯುತ್ತದೆ, ಆದರೆ ಕಡಿಯುವುದಿಲ್ಲ. ದೋಷ ಕಣ್ಣಿಗೆ ಬೀಳದಿರುವುದು ಇದರಿಂದಲೇ. ಎರಡೂ ತುದಿಗಳ ಪ್ಲಗ್ ಕತ್ತರಿಸಿ, ಬಣ್ಣಗಳ ಒಂದೇ ಕ್ರಮದಲ್ಲಿ ಹೊಸದಾಗಿ ಹಾಕಿ. ನಡುವೆ ಹಳೆಯ ನೆಟ್‌ವರ್ಕ್ ಸ್ವಿಚ್ (ಒಂದು ಪೋರ್ಟನ್ನು ಹಲವು ಕೇಬಲ್‌ಗಳಿಗೆ ಹಂಚುವ ಪೆಟ್ಟಿಗೆ) ಏನಾದರೂ ಇದ್ದರೆ ಅದು ಗಿಗಾಬಿಟ್‌ನದೇ ಎಂಬುದನ್ನೂ ನೋಡಿಕೊಳ್ಳಿ.

ಉತ್ತರ 2

ಎರಡನೆಯ ಮಹಡಿಯ ಘಟಕದ ತೊಡಕು ಕೇಬಲ್‌ನದಲ್ಲ, ಜೋಡಣೆಯದು. ನಿಮ್ಮ ಮುಖ್ಯ ಘಟಕ ರೂಟರ್ ಆಗಿ ಕೆಲಸ ಮಾಡುತ್ತಿದ್ದರೆ, ಅದರ ಹಿಂದಿರುವ ಜಾಲವೇ ಬೇರೆ, ಮೋಡೆಮ್‌ನ ಪೋರ್ಟುಗಳಲ್ಲಿರುವ ಜಾಲವೇ ಬೇರೆ. ಮೋಡೆಮ್‌ಗೆ ಸಿಕ್ಕಿಸಿದ ಘಟಕಕ್ಕೆ ತಂತಿಯ ದಾರಿಯಲ್ಲಿ ಮುಖ್ಯ ಘಟಕ ಕಾಣುವುದೇ ಇಲ್ಲ, ಆದ್ದರಿಂದ ಅದು ಗಾಳಿಯಲ್ಲೇ ಹುಡುಕಿಕೊಂಡು ಸೇರುತ್ತದೆ. ಮೋಡೆಮ್, ನಂತರ ಮುಖ್ಯ ಘಟಕ, ಅದರ ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟಿಗೆ ಒಂದು ಸಾಮಾನ್ಯ ಗಿಗಾಬಿಟ್ ಸ್ವಿಚ್, ಆ ಸ್ವಿಚ್‌ನಿಂದ ಉಳಿದೆರಡು ಘಟಕಗಳು: ಈ ಕ್ರಮ ತಪ್ಪಬಾರದು. ಮುಖ್ಯ ಘಟಕವನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ರೂಟರ್ ಕೆಲಸ ಬಿಟ್ಟು ವೈಫೈ ಮಾತ್ರ ಒದಗಿಸುವ ಬಗೆಗೆ, ಬದಲಿಸಿದರೆ ಎಲ್ಲವೂ ಮೋಡೆಮ್‌ನ ಒಂದೇ ಜಾಲಕ್ಕೆ ಬರುತ್ತವೆ ಎಂಬುದು ನಿಜವೇ, ಆದರೆ ಕೆಲವು ಮೆಶ್‌ಗಳಲ್ಲಿ ಆಗ ಮಕ್ಕಳ ನಿಯಂತ್ರಣದಂತಹ ಸೌಲಭ್ಯಗಳು ಕೈಬಿಡುತ್ತವೆ. ಸ್ವಿಚ್ ದಾರಿಯೇ ನನಗೆ ಮೇಲೆನಿಸುತ್ತದೆ. ಒಂದೇ ಘಟಕದಿಂದ ಸ್ವಿಚ್‌ಗೆ ಎರಡು ಕೇಬಲ್ ಮಾತ್ರ ಹಾಕಬೇಡಿ; ದತ್ತಾಂಶ ಸುತ್ತುತ್ತಲೇ ಇರುವ ಲೂಪ್ ಉಂಟಾಗಿ ಇಡೀ ಜಾಲ ಸ್ತಬ್ಧವಾಗಬಹುದು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೆಳಗಿನ ತುದಿಯ ಪ್ಲಗ್‌ನಲ್ಲಿ ಕಂದು ತಂತಿಯೊಂದು ಪಿನ್‌ವರೆಗೆ ತಲುಪಿರಲಿಲ್ಲ. ಹೊಸ ಪ್ಲಗ್ ಹಾಕಿದ ಕೂಡಲೇ ಲಿಂಕ್ 1000ಕ್ಕೆ ಏರಿತು, ಮೊದಲ ಮಹಡಿಯಲ್ಲಿ ಪೂರ್ಣ ವೇಗ ಬರುತ್ತಿದೆ. ಸ್ವಿಚ್ ಹಾಕಿ, ಎರಡನೆಯ ಮಹಡಿಯ ಘಟಕವನ್ನು ಒಮ್ಮೆ ಆರಿಸಿ ಹಚ್ಚಿದ ಮೇಲೆ ಅದೂ ವೈರ್ಡ್ ಎಂದು ತೋರಿಸುತ್ತಿದೆ.