‘ನಮ್ಮ ಮನಿ ಮಂದಿ’ ಗುಂಪಿನಾಗ ಒಂದು ಬಿಳಿ ಫಾರ್ಚೂನರ್

ಗುರುವಾರ

ಬಸೂ ಕಾಕಾ, ಹುಬ್ಬಳ್ಳಿ (ರಾತ್ರಿ 8:41)
📷 📷 📷 📷 📷
ಟೊಯೋಟಾ ಫಾರ್ಚೂನರ್ 2.8 ಡೀಸೆಲ್, ಆಟೋಮ್ಯಾಟಿಕ್, 4×2. 2018 ಮಾಡೆಲ್, 68,000 ಕಿ.ಮೀ., ಸಿಂಗಲ್ ಓನರ್, ಕೆಎ-63 ಪಾಸಿಂಗ್. 21.50 ಲಕ್ಷ ಹೇಳ್ಯಾರ, ಕೂತು ಮಾತಾಡಿದ್ರ ಇನ್ನೂ ಇಳೀತಾರಂತ. ಏನಂತೀರಿ ಎಲ್ಲಾರೂ?

ಪ್ರಕಾಶ ಮಾಮಾ, ಹಾವೇರಿ (8:44)
ಬಸಣ್ಣಾ, ಕೇಳೂದೇನೈತಿ, ತಗೊಂಡು ಬಿಡ್ರಿ. ಆ ಇಂಜಿನ್ನಿಗೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಐತಿ. 177 ಪಿಎಸ್, ಆಟೋಮ್ಯಾಟಿಕ್‌ನ್ಯಾಗ 450 ಎನ್ಎಂ ಎಳತ. ಲ್ಯಾಡರ್ ಫ್ರೇಮ್, ಅಂದ್ರ ಏಣಿಯಂಥ ಗಟ್ಟಿ ಚೌಕಟ್ಟಿನ ಮ್ಯಾಲ ಬಾಡಿ. 2018 ಅಂದ್ರ ಬಿಎಸ್-4, ಈಗಿನ ಬಿಎಸ್-6ಕ್ಕಿಂತ ಹಿಂದಿನ ಹೊಗಿ ನಿಯಮದ ಗಾಡಿ, ಡಿಪಿಎಫ್ ಅನ್ನೋ ಮಸಿ ಫಿಲ್ಟರಿನ ತ್ರಾಸ ಇಲ್ಲ. ಇದ ಗಾಡಿ ಹೊಸಾದು ತರಬೇಕಂದ್ರ ದುಪ್ಪಟ್ಟು ರೊಕ್ಕ ಬೇಕ.

ವೀರೇಶ, ಧಾರವಾಡ (8:52)
ಮಾಮಾ, ಗಾಡಿ ಛಲೋನ ಐತ್ರಿ, ರೇಟು ಛಲೋ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಎಸ್‌ಯುವಿಗೆ ಜಿಎಸ್‌ಟಿ ಬರೇ 40%. ಅದಕ್ಕೂ ಮೊದಲು 28% ಜಿಎಸ್‌ಟಿ, ಮ್ಯಾಲ 22% ಸೆಸ್, ಕೂಡಿ 50% ಇತ್ತು. ಹೊಸಾದರ ರೇಟು ಇಳದೈತಿ, ಹಳೇ ಗಾಡಿ ಮಾರೋ ಮಂದಿ ಇನ್ನೂ ಹಳೇ ಲೆಕ್ಕಾನ ಹಿಡಕೊಂಡು ಕುಂತಾರ. 21.50 ಹೇಳಿದ್ದು ಆ ಹಳೇ ಲೆಕ್ಕದಾಗ.
ಇದ ರೊಕ್ಕದಾಗ ಸ್ಕಾರ್ಪಿಯೋ-ಎನ್ ಇಲ್ಲಾ ಸಫಾರಿ, ನಡುವಿನ ವೇರಿಯಂಟ್, ಶೋರೂಮಿನಿಂದ ಸೀದಾ ಮನಿಗೆ ಬರತೈತಿ. ವಾರಂಟಿ ಇರತೈತಿ. ಗ್ಲೋಬಲ್ ಎನ್‌ಕ್ಯಾಪ್‌ನ್ಯಾಗ (ಗಾಡಿ ಗುದ್ದಿಸಿ ನೋಡೋ ಪರೀಕ್ಷೆ) ಎರಡಕ್ಕೂ ದೊಡ್ಡವರ ಸುರಕ್ಷತಾಕ್ಕ 5 ಸ್ಟಾರ್. ಮಕ್ಕಳ ವಿಷಯದಾಗ ಸಫಾರಿಗೆ 5, ಸ್ಕಾರ್ಪಿಯೋ-ಎನ್‌ಗೆ 3. ಮನ್ಯಾಗ ಸಣ್ಣ ಹುಡುಗ್ರು ಅದಾವಂತ ಇದನ್ನ ಹೇಳಾಕತ್ತೀನಿ.

ಸುಧಾ ಅಕ್ಕ, ಹುಬ್ಬಳ್ಳಿ (9:03)
ವೀರೂ, ಎಕ್ಸ್ ಶೋರೂಮ್ ರೇಟು (ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಬಿಟ್ಟಿದ್ದು) ನೋಡಿ ಮಾತಾಡಬ್ಯಾಡ. ನಮ್ಮ ರಾಜ್ಯದಾಗ ಆಜೀವ ತೆರಿಗೆ 10ರಿಂದ 20 ಲಕ್ಷದ ಗಾಡಿಗೆ 17%, 20 ದಾಟಿದ್ರ 18%. ಆ ತೆರಿಗೆ ಮ್ಯಾಲ ಮತ್ತ 11% ಸೆಸ್. 19.90 ಲಕ್ಷದ ಗಾಡಿಗೆ ಸುಮಾರು 3.75 ಲಕ್ಷ ಆಕ್ಕೈತಿ, 20.10ರ ಗಾಡಿಗೆ 4.01. ಅಂದ್ರ ಬೆಲಿಯೊಳಗ 20 ಸಾವಿರ ಫರಕ ಆದ್ರ ತೆರಿಗಿಯೊಳಗ 26 ಸಾವಿರ ಫರಕ. ಸನ್‌ರೂಫ್ ಬೇಕಂತ ಒಂದು ಮೆಟ್ಲು ಮ್ಯಾಲಿನ ವೇರಿಯಂಟ್ ಹಿಡಿಯೋರು ಇದನ್ನ ನೋಡೂದ ಇಲ್ಲ.
10 ಲಕ್ಷ ದಾಟಿದ ಗಾಡಿಗೆ ಡೀಲರು 1% ಟಿಸಿಎಸ್, ಅಂದ್ರ ಮುಂಗಡ ಆದಾಯ ತೆರಿಗಿ, ಹಿಡೀತಾರ. ಅದು ರಿಟರ್ನ್ ತುಂಬುವಾಗ ಜಮಾ ಸಿಗತೈತಿ, ಖರ್ಚಿನಾಗ ಹಿಡೀಬ್ಯಾಡ್ರಿ. ಒಟ್ಟಿನಾಗ 21.50ರ ಆನ್‌ರೋಡ್ ಅಂದ್ರ 17 ಲಕ್ಷದ ಎಕ್ಸ್ ಶೋರೂಮ್ ಗಾಡಿ ಅಂತ ತಿಳೀರಿ. ಆ ರೇಟಿಗೆ ಯಾವ ವೇರಿಯಂಟ್ ಬರತೈತಿ, ಅದರಾಗ ಏನಿರತೈತಿ, ಏನಿರೂದಿಲ್ಲ ಅನ್ನೂದನ್ನ ಕೂತು ನೋಡ್ರಿ.

ಪ್ರಕಾಶ ಮಾಮಾ (9:05)
👆 ಕೇಳಿದಿಯೇನಪಾ ವೀರೂ?

ಗಿರಿಜಾ ಅತ್ತಿ, ಗದಗ (9:10)
ತೆರಿಗಿ ಆಮ್ಯಾಲ. ಕುಂಡ್ರೋರು ಯಾರು ಯಾರು? ಅವ್ವನ ಮೊಣಕಾಲಿಗೆ ಆ ಫಾರ್ಚೂನರ್ ಹತ್ತೂದು ಆಕ್ಕೈತೇನು? ಲ್ಯಾಡರ್ ಫ್ರೇಮ್ ಗಾಡಿ ಎಲ್ಲಾ ನೆಲ ಎತ್ತರ. ಕಾಲು ಎತ್ತಿ ಫುಟ್‌ಸ್ಟೆಪ್ ಮ್ಯಾಲ ಇಟ್ಟು, ಹಿಡಿಕಿ ಹಿಡದು ಮೈ ಎಳಕೋಬೇಕು. ಎಕ್ಸ್‌ಯುವಿ 700 (ಈಗ 7ಎಕ್ಸ್‌ಓ), ಸಫಾರಿ ಮೊನೊಕಾಕ್, ಅಂದ್ರ ಬಾಡಿ ಚಾಸಿ ಎರಡೂ ಒಂದ, ಅವು ಇದರಷ್ಟು ಎತ್ತರ ಇಲ್ಲ. ಗಾಡಿ ನೋಡಾಕ ಅವ್ವನ್ನ ಕರಕೊಂಡು ಹೋಗಿ ಮೂರು ಸಲ ಹತ್ತಿಸಿ ಇಳಿಸ್ರಿ. ಹತ್ತೂದು ನೋಡಿ ಸುಮ್ಮನಾಗಬ್ಯಾಡ್ರಿ, ಇಳಿಯೂದ ಕಷ್ಟ.
ಇನ್ನ ಮೂರನೇ ಸಾಲು. ಫಾರ್ಚೂನರಿನ ಹಿಂದಿನ ಸೀಟು ಮಡಚಿದ್ರ ಎರಡೂ ಬಾಜೂಕ ಮ್ಯಾಲ ತೂಗಿ ಹಾಕಬೇಕು, ಡಿಕ್ಕಿಯ ಅಗಲ ತಿಂದು ಬಿಡತೈತಿ. ಸ್ಕಾರ್ಪಿಯೋ-ಎನ್‌ನ್ಯಾಗ ಹಿಂದ ಇಬ್ಬರು ಕುಂತ್ರಂದ್ರ ನಾಲ್ಕು ಕೈಚೀಲಕ್ಕಷ್ಟ ಜಾಗ, ತಿರುಪತಿಗೆ ಹೋಗೋ ಸೂಟ್‌ಕೇಸು ಮ್ಯಾಲ ಕ್ಯಾರಿಯರ್‌ಗ ಹೋಗಬೇಕು. ಏಳು ಸೀಟು ಅಂತ ಬರದದ್ದಕ್ಕೂ ಏಳು ಮಂದಿ ಸಾಮಾನು ಸಹಿತ ಹೋಗೂದಕ್ಕೂ ಸಂಬಂಧ ಇಲ್ಲ. ಅದು ಬೇಕಂದ್ರ ಇನ್ನೋವಾ ನೋಡ್ರಿ.

ಬಸೂ ಕಾಕಾ (9:12)
ಇನ್ನೋವಾ ಬ್ಯಾಡವಾ. ಟ್ಯಾಕ್ಸಿ ಕಂಡಂಗ ಕಾಣತೈತಿ.

ಗಿರಿಜಾ ಅತ್ತಿ (9:12)
ಕಾಣೂದು ಹೊರಗ ನಿಂತೋರಿಗೆ. ಒಳಗ ಕುಂಡ್ರೋರು ನಾವು.

ಪ್ರಕಾಶ ಮಾಮಾ (9:15)
ಯರಿ ಹೊಲದ ದಾರಿಗೆ ಮೊನೊಕಾಕ್ ನಡಿಯೂದಿಲ್ಲವಾ ಗಿರಿಜಾ. ಅಣ್ಣಿಗೇರಿ ಕಡೆ ಹೊಲಕ್ಕ ಫಾರ್ಚೂನರ್ರ ಬೇಕ.

ಮಹಾಂತೇಶ, ಗೋಕುಲ ರೋಡ್ (9:22)
ಮಾಮಾ, ಫೋಟೋದಾಗಿನ ಗಾಡಿ 4×2. ಎಂಜಿನ್ ಶಕ್ತಿ ಹಿಂದಿನ ಗಾಲಿಗಷ್ಟ ಹೋಗತೈತಿ, ಡಿಕ್ಕಿ ಖಾಲಿ ಇದ್ರ ಹಿಂಬದಿ ಹಗುರ. ಹಸೀ ಯರಿ ಮಣ್ಣಿನಾಗ ಅದ ಮೊದಲು ಜಾರತೈತಿ. 4×4 ಇದ್ರೂ ಹೈವೇ ಟೈರಿನ ಗೀರಿನಾಗ ಯರಿ ಮಣ್ಣು ಮೆತ್ತಿಕೊಂಡು ಟೈರು ಬೋಳಾಗಿ ಬಿಡತೈತಿ, ನಾಲ್ಕೂ ಗಾಲಿ ತಿರುಗಿದ್ರೂ ಹಿಡಿತ ಇಲ್ಲ. ಮಳಿ ಬಿದ್ದ ಮರುದಿನ ಯರಿ ಹೊಲಕ್ಕ ಟ್ರ್ಯಾಕ್ಟರ್ ಅಷ್ಟ ಸರಿ. ಅದಕ್ಕಂತ 21 ಲಕ್ಷ ಹಾಕಬ್ಯಾಡ್ರಿ.
ಈಗ ಫೋಟೋ ನೋಡಾಕತ್ತೀನಿ, ಹತ್ತು ಮಿನಿಟ್ ಕೊಡ್ರಿ.

ವೀರೇಶ (9:25)
ಅಷ್ಟರಾಗ ನಾನೂ ಒಂದು ಕೇಳತೀನಿ. ಹೊಸಾ ಡೀಸೆಲ್ ಸಫಾರಿಗೆ ಯಾರದರೇ ತಕರಾರು ಐತೇನು?

ಮಹಾಂತೇಶ (9:41)
ವೀರೂ, ನಿನ್ನ ಸಫಾರೀನೂ ಬಿಡೂದಿಲ್ಲ 😀 ಕಾಕಾನ ಓಡಾಟ ಏನು? ವಿದ್ಯಾನಗರದಿಂದ ಅಂಗಡಿ, ಅಂಗಡಿಯಿಂದ ಮನಿ. ಐದಾರು ಕಿ.ಮೀ., ಬಿಆರ್‌ಟಿಎಸ್ ಬಾಜೂಕ ಸಿಗ್ನಲ್‌ನಿಂದ ಸಿಗ್ನಲ್‌ಗೆ. ಬಿಎಸ್-6 ಡೀಸೆಲ್ಲಿಗೆ ಇದ ವಿಷ. ಸೈಲೆನ್ಸರ್ ದಾರಿಯೊಳಗಿನ ಡಿಪಿಎಫ್ ಫಿಲ್ಟರ್ ಹೊಗಿಯ ಮಸಿ ಹಿಡದು ಇಟ್ಟುಕೋತೈತಿ. ಆ ಮಸಿ ಸುಡಬೇಕಂದ್ರ ಫಿಲ್ಟರ್ ಸುಮಾರು 600 ಡಿಗ್ರಿಗೆ ಕಾಯಬೇಕು. ಅದಕ್ಕ ಇಂಜಿನ್ ತಾನ ಹೆಚ್ಚಿಗೆ ಡೀಸೆಲ್ ಬಿಡತೈತಿ. ಗಾಡಿ 60-80 ವೇಗದಾಗ 20 ಮಿನಿಟ್ ಓಡಿದ್ರ ಕೆಲಸ ಮುಗೀತು. ಅರ್ಧಕ್ಕ ಇಂಜಿನ್ ಬಂದ್ ಮಾಡಿದ್ರ ಸುಡದ ಡೀಸೆಲ್ ಪಿಸ್ಟನ್ ಬಾಜೂಕ ಇಳದು ಆಯಿಲ್ ಕೂಡ ಬೆರೀತೈತಿ. ಡಿಪ್‌ಸ್ಟಿಕ್ ತಗದು ನೋಡಿದ್ರ ಆಯಿಲ್ ಕಡಿಮಿ ಆಗೂದು ಬಿಟ್ಟು ಏರಿರತೈತಿ. ಅದನ್ನ ನೋಡಿ ಖುಷಿ ಪಡಬ್ಯಾಡ್ರಿ, ಆಯಿಲ್ ತೆಳ್ಳಗಾಗಿ ಟರ್ಬೋ ಬೇರಿಂಗ್ ತಿನ್ನತೈತಿ.
ಇದು ಸಫಾರಿ ಒಂದರದ ಅಲ್ಲ, ಎಲ್ಲಾ ಬಿಎಸ್-6 ಡೀಸೆಲ್ಲಿನ ಗುಣ. ವಾರಕ್ಕೊಮ್ಮೆ ಹಾವೇರಿ ಹೆದ್ದಾರಿಗೆ ಅರ್ಧ ತಾಸು ಓಡಿಸೋರಿದ್ರ ತಗೋರಿ. ವರ್ಷಕ್ಕ 10 ಸಾವಿರದ ಒಳಗ, ಅದೂ ಊರಾಗ ಓಡಿಸೋರಿಗೆ ಪೆಟ್ರೋಲ್. ಸ್ಕಾರ್ಪಿಯೋ-ಎನ್, ಎಕ್ಸ್‌ಯುವಿ 700 ಎರಡರಾಗೂ 2.0 ಟರ್ಬೋ ಪೆಟ್ರೋಲ್ ಐತಿ. ಮೈಲೇಜ್ ಕೇಳಬ್ಯಾಡ್ರಿ ಅಷ್ಟ.

ಪ್ರಕಾಶ ಮಾಮಾ (9:43)
ಅದಕ್ಕ ಹೇಳಿದ್ನಿ, ಬಿಎಸ್-4 ಫಾರ್ಚೂನರ್!

ಮಹಾಂತೇಶ (9:58)
ಡಿಪಿಎಫ್ ವಿಷಯದಾಗ ನೀವು ಹೇಳಿದ್ದು ಖರೇ ಮಾಮಾ. ಆದ್ರ ಊರಾಗ ನಿಧಾನ ಓಡಿದ ಬಿಎಸ್-4ರಾಗೂ ಇಜಿಆರ್ ವಾಲ್ವು (ಹೊಗಿ ತಿರುಗಿ ಇಂಜಿನ್ನಿಗೆ ಬಿಡೋದು), ಇನ್‌ಟೇಕ್ ಮ್ಯಾನಿಫೋಲ್ಡ್ ಮಸಿ ಕಟ್ಟತಾವ. ಬಿಚ್ಚಿ ತೊಳೀಬೇಕು, ಒಂದು ದಿನದ ಕೆಲಸ. ಅದು ದೊಡ್ಡದಲ್ಲ.
ಈಗ ಫೋಟೋ.
1ನೇ ಫೋಟೋ. ನಂಬರ್ ಪ್ಲೇಟಿನ ಸೀರೀಸ್ ನೋಡ್ರಿ. ಇದು ಈಚಿಗೆ ಬಂದ ಸೀರೀಸ್. 2018ರಾಗ ಹುಬ್ಬಳ್ಳಿಯೊಳಗ ಪಾಸಿಂಗ್ ಆದ ಗಾಡಿಗೆ ಈ ನಂಬರ್ ಹೆಂಗ ಬರತೈತಿ? ಬ್ಯಾರೆ ರಾಜ್ಯದಿಂದ ಬಂದು ಇಲ್ಲಿ ಹೊಸಾ ನಂಬರ್ ತಗೊಂಡೈತಿ. ದಿಲ್ಲಿ ಕಡೆ 10 ವರ್ಷದ ಡೀಸೆಲ್ಲಿನ ನಿರ್ಬಂಧಕ್ಕ ಹೆದರಿ ಅಲ್ಲಿ ಮಂದಿ ಏಳೆಂಟು ವರ್ಷಕ್ಕ ಸಸ್ತಾ ಮಾರತಿದ್ರು. ಇದು ಅಲ್ಲೀದ ಅಂತ ಹೇಳಾಕತ್ತಿಲ್ಲ. ಆದ್ರ ‘ಸಿಂಗಲ್ ಓನರ್’ ಅನ್ನೋ ಮಾತು ಇಲ್ಲೇ ಸಡಿಲಾತು.
3ನೇ ಫೋಟೋ. ಬಾನೆಟ್ ತಗದೈತಿ, ಇಂಜಿನ್ ಕರ್ರಗ ಮಿಂಚತೈತಿ. ತೊಳದು ಪಾಲಿಶ್ ಹೊಡದಾರ, ಆಯಿಲ್ ಸೋರಿದ ಗುರುತು ಏನಿದ್ರೂ ಹೋತು. ಬಲಗಡೆ ಬಾನೆಟ್ ಕೀಲಿನ ಎರಡು ಬೋಲ್ಟ್ ಝೂಮ್ ಮಾಡ್ರಿ. ಬೋಲ್ಟಿನ ಮೂಲಿಯೊಳಗ ಬಿಳಿ ಪೇಂಟ್ ಕಿತ್ತು ಕಬ್ಬಿಣ ಕಾಣತೈತಿ. ಕಂಪನಿಯೊಳಗ ಬೋಲ್ಟ್ ಕೂಡಿಸಿದ ಮ್ಯಾಲ ಪೇಂಟ್ ಹೊಡೀತಾರ. ಪೇಂಟ್ ಕಿತ್ತೈತಿ ಅಂದ್ರ ಪಾನಾ ಬಿದ್ದೈತಿ. ಬಾನೆಟ್ ಬಿಚ್ಚ್ಯಾರ, ಇಲ್ಲಾ ಬದಲಿ ಹಾಕ್ಯಾರ.
4ನೇ ಫೋಟೋ. ಮೀಟರ್ 68 ಸಾವಿರ. ಕೆಳಗ ಬ್ರೇಕ್ ಪೆಡಲ್ಲಿನ ರಬ್ಬರ್ ನೋಡ್ರಿ, ಬಲಗಡೆ ಗೀರು ಪೂರಾ ಸವದು ಸಪಾಟ ಆಗೈತಿ. ಡ್ರೈವರ್ ಸೀಟಿನ ಬಾಗಲ ಕಡೆ ಅಂಚು ಕುಸದೈತಿ. ಮೀಟರ್ ಹಿಂದಕ್ಕ ತಿರುವ್ಯಾರೇನೋ ಅಂತ ಅನುಮಾನ.

ಪ್ರಕಾಶ ಮಾಮಾ (10:02)
ಟೈರು ನೋಡು ಮತ್ತ. 2ನೇ ಫೋಟೋದಾಗ 1124 ಅಂತ ಐತಿ. 2024ರ 11ನೇ ವಾರದ ಟೈರು. ಜ್ವಾಪಾನ ಮಾಡಿದ ಗಾಡಿ ಅಂತಲ್ಲೇನು ಅರ್ಥ?

ಮಹಾಂತೇಶ (10:06)
ಆಗಬಹುದು. ಆರು ವರ್ಷಕ್ಕ ಟೈರು ವಯಸ್ಸಾಗಿ ಗಟ್ಟಿ ಆಕ್ಕಾವ, ಬದಲಿಸೂದು ಸರಿ. ಇಲ್ಲಾ ಅದು ಮೂರನೇ ಸೆಟ್ಟೂ ಇರಬಹುದು. ಟೈರು ಒಂದರಿಂದ ಹೇಳಾಕ ಬರೂದಿಲ್ಲ, ಅದಕ್ಕ ನಾ ಪೆಡಲ್ ನೋಡಿದ್ದು. ಖರೇ ಗೊತ್ತಾಗಬೇಕಂದ್ರ ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಾಗ ದಾಖಲೆ ಕೇಳ್ರಿ. ಪ್ರತಿ 10 ಸಾವಿರಕ್ಕ ಸರ್ವಿಸ್, ಅವತ್ತಿನ ಮೀಟರ್ ಬರದಿರತಾರ. 2022ರಾಗ 90 ಸಾವಿರ ಅಂತ ಇದ್ರ ಮಾತು ಮುಗೀತು.

ಸುಧಾ ಅಕ್ಕ (10:15)
ಕಾಗದದ ಕೆಲಸ ನಾ ಹೇಳತೀನಿ. ಮೊದಲು ಆರ್‌ಟಿಓ ಆಫೀಸಿನಾಗ ನೋಂದಣಿ ದಾಖಲೆಯ ನಕಲು, ಅಂದ್ರ ಬಿ-ಎಕ್ಸ್‌ಟ್ರ್ಯಾಕ್ಟ್ ತಗೀಸ್ರಿ. ಮಾರೋನ ಕೈಯಾಗಿನ ಆರ್‌ಸಿ ಕಾರ್ಡಿಗಿಂತ ಅದು ಮುಖ್ಯ. ಹಿಂದಿನ ನೋಂದಣಿ, ಎಷ್ಟನೇ ಮಾಲಕ, ಸಾಲದ ಬೋಜಾ ಐತೋ ಇಲ್ಲೋ ಗೊತ್ತಾಕ್ಕೈತಿ. ಬೋಜಾ ಇದ್ರ ಬ್ಯಾಂಕಿನ ಎನ್‌ಒಸಿ ಮತ್ತ ಫಾರ್ಮ್ 35 ಕೈಗೆ ಬಂದ ಮ್ಯಾಲ ಉಳಿದ ರೊಕ್ಕ. ಮಾರಾಟಕ್ಕ ಫಾರ್ಮ್ 29, ಫಾರ್ಮ್ 30. ಖಾಲಿ ಫಾರ್ಮಿಗೆ ಸಹಿ ಮಾಡಿಸಿಕೊಂಡು ದಲಾಲ ಇಟ್ಟುಕೋತೀನಿ ಅಂದ್ರ ಬ್ಯಾಡ ಅನ್ರಿ. ವರ್ಗಾವಣೆ ಅರ್ಜಿ ನೀವ ಹಾಕ್ರಿ, 30 ದಿನದೊಳಗ.
ಆಜೀವ ತೆರಿಗೆ ಕರ್ನಾಟಕಕ್ಕ ತುಂಬಿದ ರಸೀದಿ ನೋಡ್ರಿ. ಇ-ಚಲನ್ ಬಾಕಿ ನೋಡ್ರಿ. ಇನ್ಶೂರೆನ್ಸ್ 14 ದಿನದೊಳಗ ನಿಮ್ಮ ಹೆಸರಿಗೆ ಮಾಡಸ್ರಿ. ಹಳೇ ಮಾಲಕನ ನೋ ಕ್ಲೇಮ್ ಬೋನಸ್ 50% ಐತಿ ಅಂತ ಆಸೆ ತೋರಸ್ತಾರ. ಅದು ಮಾಲಕನದು, ಗಾಡೀದಲ್ಲ. ನಿಮ್ಮ ಹಳೇ ಕಾರಿನ ಬೋನಸ್ ಇದ್ರ ಅದ ನಿಮಗ ಬರೂದು. ಎಂಟು ವರ್ಷದ ಗಾಡಿಗೆ ಝೀರೋ ಡೆಪ್ (ಸವಕಳಿ ಕಳೀದ ರೊಕ್ಕ ಕೊಡೋ ಇನ್ಶೂರೆನ್ಸ್) ಸಿಗೂದು ಕಷ್ಟ, ಸಣ್ಣ ಡ್ಯಾಶಿಗೂ ಅರ್ಧ ಖರ್ಚು ಕೈಯಿಂದ ಅಂತ ಹಿಡೀರಿ.

ಗಿರಿಜಾ ಅತ್ತಿ (10:17)
ಮುಗೀತಲ್ಲ. ಬಿಟ್ಟು ಬಿಡೋ ಬಸೂ ಅದನ್ನ.

ಬಸೂ ಕಾಕಾ (10:24)
ಈ ಸಂದೇಶವನ್ನು ಅಳಿಸಲಾಗಿದೆ

ವೀರೇಶ (10:25)
ಕಾಕಾ, ಏನು ಅಳಿಸಿದ್ರಿ?

ಬಸೂ ಕಾಕಾ (10:31)
10,000 ಟೋಕನ್ ಕೊಟ್ಟೀನಪಾ. ಮಧ್ಯಾಹ್ನನ. ಬ್ಯಾರೆ ಪಾರ್ಟಿ ಬರಾಕತ್ತಾರ ಅಂದ ಆ ದಲಾಲ.

ಗಿರಿಜಾ ಅತ್ತಿ (10:31)
🤦‍♀️

ಪ್ರಕಾಶ ಮಾಮಾ (10:33)
ಬ್ಯಾರೆ ಪಾರ್ಟಿ ಯಾವಾಗಲೂ ಬರಾಕತ್ತಿರತಾರ. ಇದು ನಾನೂ ಒಪ್ಪತೀನಿ.

ಸುಧಾ ಅಕ್ಕ (10:36)
ಕಾಕಾ, ಈಗ ವಾಟ್ಸಾಪ್‌ನ್ಯಾಗ ಅವಂಗ ಬರೀರಿ: ‘ತಪಾಸಣೆಯಲ್ಲಿ ಅಪಘಾತ, ಮೀಟರ್ ಅಥವಾ ದಾಖಲೆಯ ದೋಷ ಕಂಡರೆ ಟೋಕನ್ ಪೂರ್ತಿ ವಾಪಸ್.’ ಅವಾ ಹೂಂ ಅಂತ ಬರದು ಉತ್ತರ ಕೊಟ್ರ ಮುಂದ. ಫೋನ್‌ನ್ಯಾಗ ಹೂಂ ಅಂದದ್ದು ಲೆಕ್ಕಕ್ಕಿಲ್ಲ.

ಮಹಾಂತೇಶ (10:49)
ಟೋಕನ್ ಹೋದ್ರ ಹೋಗಲಿ ಕಾಕಾ, 10 ಸಾವಿರ ಉಳಸಾಕ ಹೋಗಿ 20 ಲಕ್ಷ ಸಿಗಸಬ್ಯಾಡ್ರಿ. ಶನಿವಾರ ನೋಡೂಣು. ನಾ ಟಾರ್ಚ್, ಓಬಿಡಿ ಸ್ಕ್ಯಾನರ್ (ಗಾಡಿ ಕಂಪ್ಯೂಟರಿನಾಗಿನ ದೋಷ ಓದೋದು), ಪೇಂಟ್ ಅಳಿಯೋ ಮೀಟರ್ ತರತೀನಿ. ಕಂಪನಿ ಪೇಂಟ್ ಸಾಧಾರಣ 100ರಿಂದ 150 ಮೈಕ್ರಾನ್ ಇರತೈತಿ. 250 ಬಂದ್ರ ಎರಡನೇ ಸಲ ಹೊಡದಾರ, 500 ದಾಟಿದ್ರ ಒಳಗ ಪುಟ್ಟಿ. ಫೆಂಡರ್, ಬಾಗಲು ಇದ್ರ ರೇಟು ಇಳಿಸಿ ತಗೋಬಹುದು. ಕಂಬಕ್ಕ, ಮ್ಯಾಲಿನ ಟಾಪಿಗೆ ಇದ್ರ ಬ್ಯಾಡ.
ಆಮ್ಯಾಲ ರ‍್ಯಾಂಪಿಗೆ ಹತ್ತಿಸಿ ಕೆಳಗ ನೋಡೂಣು. ಲ್ಯಾಡರ್ ಫ್ರೇಮಿನ ಎರಡೂ ಉದ್ದ ಪಟ್ಟಿಯ ಮ್ಯಾಲ ಹೊಸಾ ವೆಲ್ಡಿಂಗ್, ಸುಕ್ಕು, ಒಂದ ಕಡೆ ಅಷ್ಟ ಹೊಸಾ ಕರೀ ಬಣ್ಣ ಇದ್ರ ವಾಪಸ್ ಬರೂಣು. ಅಡ್ಡ ಗುದ್ದಿದ ಫ್ರೇಮ್ ಸೀದಾ ಮಾಡಿದ್ರೂ ಗಾಡಿ ಒಂದು ಕಡೆ ಎಳೀತಿರತೈತಿ, ಟೈರು ಓರೆ ತಿನ್ನತೈತಿ. ಸೀಟ್ ಬೆಲ್ಟ್ ಪೂರಾ ಎಳದು ಬುಡದಾಗ ಕೆಸರಿನ ಕಲೆ, ಕಾರ್ಪೆಟ್ ಎತ್ತಿ ಸೀಟಿನ ಹಳಿಗೆ ಜಂಗು. ಅದು ನೀರಾಗ ಮುಳುಗಿದ ಗಾಡಿ ಹಿಡಿಯೋ ಉಪಾಯ.
ಓಡಿಸೂದು ಧಾರವಾಡಕ್ಕ, ಯುನಿವರ್ಸಿಟಿ ಏರು ಹತ್ತಿಸಿ. 2ರಿಂದ 3ಕ್ಕ, 3ರಿಂದ 4ಕ್ಕ ಗೇರ್ ಬೀಳುವಾಗ ಜರ್ಕ್ ಹೊಡದ್ರ ಗೇರ್‌ಬಾಕ್ಸ್ ಆಯಿಲ್ ಒಮ್ಮೆನೂ ಬದಲಿಸಿಲ್ಲ ಅಂತ ಅನುಮಾನ ಹಿಡೀರಿ.
ಎಲ್ಲಾಕ್ಕಿಂತ ಮುಖ್ಯ, ಇಂಜಿನ್ ತಣ್ಣಗಿರಬೇಕು. ತಣ್ಣಗಿದ್ದಾಗ ಚಾಲೂ ಮಾಡಿದ್ರ ಮೊದಲ ಐದು ಸೆಕೆಂಡಿನಾಗ ಚೈನಿನ ಗರಗರ ಸಪ್ಪಳ, ಇಂಜೆಕ್ಟರ್ ಟಕಟಕ, ನೀಲಿ ಹೊಗಿ ಎಲ್ಲಾ ಹೊರಗ ಬರತಾವ. ಕಾದ ಇಂಜಿನ್ ಎಲ್ಲಾನೂ ಮುಚ್ಚಿಡತೈತಿ. ಬಾನೆಟ್ ಮ್ಯಾಲ ಕೈ ಇಟ್ಟು ನೋಡ್ರಿ, ಬೆಚ್ಚಗಿದ್ರ ಆವತ್ತು ನೋಡೂದ ಬ್ಯಾಡ.

ಶುಕ್ರವಾರ

ಬಸೂ ಕಾಕಾ (ಸಂಜೀ 6:18)
ಟೋಕನ್ ವಾಪಸ್ ಮಾತಿಗೆ ‘ಓಕೆ ಸರ್’ ಅಂತ ಬರದಾನ. ಬಿ-ಎಕ್ಸ್‌ಟ್ರ್ಯಾಕ್ಟ್ ಸೋಮವಾರ ಕೈಗೆ ಸಿಗತೈತಿ. ನಾಳೆ ಮುಂಜಾನೆ 8ಕ್ಕ ಬರ್ರಿ ಸರ್, ನಿಮಗ ತ್ರಾಸ ಆಗಬಾರದಂತ ಗಾಡಿ ಚಾಲೂ ಮಾಡಿ ಕಾಯಿಸಿ ಇಟ್ಟಿರತೀನಿ ಅಂದ.

ಮಹಾಂತೇಶ (6:19)
ಕಾಕಾ, 6:30ಕ್ಕ ಹೋಗೂಣು. ಅವಂಗ ಹೇಳಬ್ಯಾಡ್ರಿ.