ಬೋರ್ನಾ ವೈರಸ್ಸಿಗೂ ಖಿನ್ನತೆಗೂ ನಂಟಿದೆಯಾ?

ಪ್ರಶ್ನೆ
ನನ್ನ ತಮ್ಮನಿಗೆ ಖಿನ್ನತೆ, ಮಾತ್ರೆ ತಗೊಳ್ತಿದ್ದಾನೆ. ಕುದುರೆಗಳ ಮೆದುಳಿಗೆ ತಗಲುವ ಬೋರ್ನಾ ವೈರಸ್ ಮನುಷ್ಯರಲ್ಲಿ ಖಿನ್ನತೆ ತರುತ್ತದೆ ಅಂತ ಒಂದು ಹಳೇ ಲೇಖನದಲ್ಲಿ ಓದಿದೆ. ಅವನಿಗೆ ಇದರ ರಕ್ತಪರೀಕ್ಷೆ ಮಾಡಿಸಬೇಕಾ?

ಉತ್ತರ
ಬೇಡ. ಮಾತ್ರೆಯನ್ನಂತೂ ನಿಲ್ಲಿಸಬೇಡಿ. ನಾನು ವೈರಸ್ ಪತ್ತೆ ಮಾಡುವ ಲ್ಯಾಬಿನಲ್ಲಿದ್ದೇನೆ, ಈ ಕಥೆ ನನಗೆ ಚೆನ್ನಾಗಿ ಗೊತ್ತು.

ಮಾನಸಿಕ ಕಾಯಿಲೆ ಇದ್ದ ಕೆಲವರ ರಕ್ತದಲ್ಲಿ ಇದರ ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ಇದೆ ಅಂತ 1985ರಲ್ಲಿ ವರದಿ ಬಂತು. 90ರ ದಶಕದಲ್ಲಿ ಪಿಸಿಆರ್‌ನಲ್ಲಿ, ಅಂದರೆ ವೈರಸ್ಸಿನ ಚೂರನ್ನೂ ಲಕ್ಷಾಂತರ ಪಟ್ಟು ನಕಲು ಮಾಡಿ ಹುಡುಕುವ ಪರೀಕ್ಷೆಯಲ್ಲಿ, ವೈರಸ್ಸೇ ಸಿಕ್ಕಿತು ಅಂದರು. ಆದರೆ ಹಾಗೆ ಸಿಕ್ಕಿದ್ದು ಎಷ್ಟೋ ಸಲ ಲ್ಯಾಬಿನಲ್ಲಿ ಬೆಳೆಸುತ್ತಿದ್ದ ತಳಿಯ ಪಡಿಯಚ್ಚಾಗಿತ್ತು! ಟ್ಯೂಬಿನ ಮುಚ್ಚಳ ತೆಗೆಯುವಾಗ ಕಣ್ಣಿಗೆ ಕಾಣದ ಒಂದು ಹನಿ ಪಕ್ಕದ ಟ್ಯೂಬಿಗೆ ಸಿಡಿದರೂ ಸಾಕು, ಪಾಸಿಟಿವ್. ಅದಕ್ಕೇ ನಾವು ಪ್ರತಿ ಸಲ ಬರೀ ನೀರಿರುವ ಟ್ಯೂಬನ್ನೂ ಜೊತೆಗಿಡುತ್ತೇವೆ. ನೀರಿನಲ್ಲೂ ವೈರಸ್ ಕಂಡರೆ ಅವತ್ತಿನ ಫಲಿತಾಂಶ ನಂಬೋ ಹಾಗಿಲ್ಲ.

2012ರಲ್ಲಿ ಮಾನಸಿಕ ಕಾಯಿಲೆಯ 198 ರೋಗಿಗಳನ್ನೂ ಅಷ್ಟೇ ಜನ ಆರೋಗ್ಯವಂತರನ್ನೂ ಹೋಲಿಸಿದರು. ಯಾವ ಸ್ಯಾಂಪಲ್ ಯಾರದು ಅಂತ ಲ್ಯಾಬಿನವರಿಗೆ ತಿಳಿಸಿರಲಿಲ್ಲ. ವೈರಸ್ಸಿನ ಆರ್‌ಎನ್‌ಎ (ಅದರ ಆನುವಂಶಿಕ ವಸ್ತು) ಒಬ್ಬರಲ್ಲೂ ಸಿಗಲಿಲ್ಲ.

ಪ್ರಶ್ನೆ ಕೇಳಿದವರು
ಸಮಾಧಾನ ಆಯ್ತು ಸರ್. ಹಾಗಾದ್ರೆ ಇದು ಮನುಷ್ಯರಿಗೆ ಬರೋದೇ ಇಲ್ವಾ?

ಉತ್ತರ
ಬರುತ್ತೆ. ತುಂಬಾ ಅಪರೂಪ, ಆದರೆ ಬಂದರೆ ಹೆಚ್ಚಿನವರು ಉಳಿಯುವುದಿಲ್ಲ. ಜರ್ಮನಿಯಲ್ಲಿ ಅಳಿಲು ಸಾಕುತ್ತಿದ್ದ ಮೂವರು 2011ರಿಂದ 2013ರ ನಡುವೆ ಮೆದುಳಿನ ಉರಿಯೂತದಿಂದ ತೀರಿಕೊಂಡರು. ಅದು ಬೋರ್ನಾ ವೈರಸ್ಸಿನ ಹತ್ತಿರದ ಇನ್ನೊಂದು ವೈರಸ್. ಮೂಲ ಬೋರ್ನಾ ವೈರಸ್ಸೇ ತಗಲಿದ್ದು 2018ರಲ್ಲಿ ವರದಿಯಾಯಿತು: ಒಬ್ಬ ದಾನಿಯ ಅಂಗಗಳನ್ನು ಪಡೆದ ಮೂವರಿಗೆ ಸೋಂಕು, ಅವರಲ್ಲಿ ಇಬ್ಬರ ಸಾವು. ಈ ಸಲ ಸಾಕ್ಷಿ ಗಟ್ಟಿ. ವೈರಸ್ ಸಿಕ್ಕಿದ್ದು ಸತ್ತವರ ಮೆದುಳಿನೊಳಗೇ. ಅಲ್ಲಿಂದಾಚೆ ಸಿಕ್ಕ ರೋಗಿಗಳ ವೈರಸ್ಸೂ ಅವರವರ ಸೀಮೆಯಲ್ಲಿ ಇದನ್ನು ಹೊತ್ತು ತಿರುಗುವ ಸೊಂಡಿಲಿಗಳ ವೈರಸ್ಸಿಗೆ ಹೋಲುತ್ತದೆ, ಲ್ಯಾಬಿನ ತಳಿಗಲ್ಲ. 2020ರಿಂದ ಜರ್ಮನಿಯಲ್ಲಿ ಇಂಥ ಪ್ರತಿ ಸೋಂಕನ್ನೂ ಸರ್ಕಾರಕ್ಕೆ ತಿಳಿಸಲೇಬೇಕು. ಇಷ್ಟು ವರ್ಷ 'ಕಾರಣ ತಿಳಿಯದ ಮೆದುಳಿನ ಉರಿಯೂತ' ಅಂತ ಬರೆದು ಮುಚ್ಚಿಟ್ಟ ಫೈಲುಗಳಲ್ಲಿ ಇಂಥವರು ಇದ್ದರು ಅನ್ನೋದು ನನ್ನನ್ನು ತುಂಬಾ ಕಾಡುತ್ತದೆ.

ಇನ್ನೊಬ್ಬರು
ನಾನು ಪಶುವೈದ್ಯೆ. ಸುಮ್ನೆ ಕುದುರೆಗಳನ್ನು ಕಂಡು ಹೆದರಬೇಡಿ. ಅವು ವೈರಸ್ಸನ್ನು ಹೊರಗೆ ಹರಡುವುದಿಲ್ಲ, ನಮ್ಮ ಹಾಗೆ ಅವಕ್ಕೂ ಸೊಂಡಿಲಿಯಿಂದಲೇ ಬರೋದು. ಅದರ ಉಚ್ಚೆ, ಜೊಲ್ಲಿನಲ್ಲಿ ವೈರಸ್ ಇರುತ್ತದೆ, ಆದರೂ ಅದಕ್ಕೆ ಕಾಯಿಲೆ ಆಗಲ್ಲ. ಕುದುರೆಯಲ್ಲಿ ನರಕೋಶ ಹಾಳಾಗೋದು ವೈರಸ್ಸಿಗಿಂತ ಜಾಸ್ತಿ, ಅದನ್ನು ಅಟ್ಟಿಸಿಕೊಂಡು ಬರುವ ತನ್ನದೇ ರಕ್ಷಣಾ ಕೋಶಗಳಿಂದ.