ಸಿಗರೇಟ್ ಬಿಟ್ಟು ಆರು ದಿನ ಆಯ್ತು, ಮೈಯಲ್ಲಿ ಜೀವಾನೇ ಇಲ್ಲ

ಕೊಬ್ಬರಿ_ಲೆಕ್ಕ
ಎಲ್ರಿಗೂ ನಮಸ್ಕಾರ. ವಯಸ್ಸು 36, ಹದಿನಾಲ್ಕು ವರ್ಷದಿಂದ ಸೇದ್ತಿದ್ದೆ, ದಿನಕ್ಕೆ ಹತ್ತು ಹನ್ನೆರಡು. ಹೋದ ಸೋಮವಾರದಿಂದ ಪೂರ್ತಿ ಬಿಟ್ಟಿದೀನಿ. ಸೇದ್ಬೇಕು ಅನ್ಸೋದನ್ನ ಹೇಗೋ ತಡ್ಕೊಳ್ತಿದೀನಿ, ಜೇಬಲ್ಲಿ ಏಲಕ್ಕಿ ಸೋಂಪು ಇಟ್ಕೊಂಡು ಕಾಲ ತಳ್ತಿದೀನಿ, ಆದ್ರೆ ಈ ಸುಸ್ತು ಇದ್ಯಲ್ಲ ಇದನ್ನ ಮಾತ್ರ ಯಾರೂ ಹೇಳಿರ್ಲಿಲ್ಲ. ತಿಪಟೂರಲ್ಲಿ ಕೊಬ್ಬರಿ ಮಂಡೀಲಿ ಲೆಕ್ಕ ಬರಿಯೋ ಕೆಲಸ ನಂದು, ಬೆಳಗ್ಗೆ ಹನ್ನೊಂದು ಆಗೋದೇ ತಡ ಕಣ್ಣು ಎಳೆಯೋಕೆ ಶುರು, ತೂಕದ ಚೀಟಿ ಮೂರು ಸಲ ಕೂಡಿದ್ರೆ ಮೂರು ಥರ ಬರುತ್ತೆ. ಸರಿ ರಾತ್ರಿಯಾದ್ರೂ ಮಲಗೋಣ ಅಂದ್ರೆ ನಿದ್ದೆ ಇಲ್ಲ, ಬಂದ್ರೂ ಏನೇನೋ ಕನಸು, ಮೊನ್ನೆ ಕನಸಲ್ಲೇ ಒಂದು ಸೇದಿಬಿಟ್ಟೆ, ಎದ್ದು ಬೆರಳು ಮೂಸಿ ನೋಡ್ಕೊಂಡೆ 😅 ಸುಸ್ತು ಹೋಗ್ಲಿ ಅಂತ ಕಾಫಿ ಜಾಸ್ತಿ ಮಾಡಿದೀನಿ, ಮುಂಚೆ ನಾಲ್ಕು ಇತ್ತು ಈಗ ಆರೇಳು. ಮಂಡಿ ಹುಡುಗ್ರು ಒಂದು ದಮ್ ಎಳ್ದುಬಿಡಿ ಅಣ್ಣ ಸರಿಹೋಗುತ್ತೆ ಅಂತಾರೆ, ನಿಜ ಹೇಳ್ಬೇಕಂದ್ರೆ ನಂಗೂ ಹಾಗೇ ಅನ್ಸ್ತಿದೆ. ಇದು ಎಷ್ಟು ದಿನ ಇರುತ್ತೆ?

ಬೈಟು_ಬಸವನಗುಡಿ
ಗುರುಗಳೇ ನಿಮ್ಮ ಪ್ರಶ್ನೇಲೇ ಅರ್ಧ ಉತ್ತರ ಇದೆ. ಆರೇಳು ಕಾಫಿ ಅಂದ್ರಲ್ಲ, ಅದು.

ನಾನು ಬಿಟ್ಟು ಮೂರು ವರ್ಷ ಆಯ್ತು, ಇದೇ ತಪ್ಪು ಮಾಡಿದ್ದೆ. ಸಿಗರೇಟ್ ಹೊಗೇಲಿರೋ ಕೆಲವು ರಾಸಾಯನಿಕಗಳು ಲಿವರ್‌ನಲ್ಲಿ ಕೆಫೀನ್ ಕರಗಿಸೋ ಎಂಜೈಮನ್ನ ಜೋರು ಮಾಡಿರ್ತವೆ, ಅದಕ್ಕೇ ಸೇದೋರಿಗೆ ಎಷ್ಟು ಕಾಫಿ ಕುಡಿದ್ರೂ ಏನೂ ಆಗಲ್ಲ. ಸೇದೋದು ನಿಲ್ಸಿದ ಕೆಲವೇ ದಿನಕ್ಕೆ ಆ ಎಂಜೈಮ್ ಮಾಮೂಲಿ ಮಟ್ಟಕ್ಕೆ ಇಳಿಯುತ್ತೆ, ಆಗ ಮೊದ್ಲು ಕುಡೀತಿದ್ದ ಅಷ್ಟೇ ಕಾಫಿಗೆ ರಕ್ತದಲ್ಲಿ ಹೆಚ್ಚುಕಮ್ಮಿ ಎರಡರಷ್ಟು ಕೆಫೀನ್ ಉಳ್ಕೊಳ್ಳುತ್ತೆ. ನೀವು ಅದರ ಮೇಲೆ ಇನ್ನೂ ಎರಡು ಮೂರು ಲೋಟ ಸೇರಿಸಿದೀರ. ರಾತ್ರಿ ನಿದ್ದೆ ಎಲ್ಲಿಂದ ಬರ್ಬೇಕು, ನಿದ್ದೆ ಇಲ್ದಿದ್ರೆ ಬೆಳಗ್ಗೆ ಸುಸ್ತು, ಸುಸ್ತಿಗೆ ಮತ್ತೆ ಕಾಫಿ. ಎದೆ ಡವಡವ, ಕೈ ನಡುಕ ಬಂದ್ರೂ ಸಿಗರೇಟ್ ಬಿಟ್ಟಿದ್ದಕ್ಕೇ ಅನ್ಕೊಳ್ತೀವಿ, ಸುಮಾರು ಸಲ ಅದು ಕಾಫಿ ಕೆಲಸ.

ಒಂದೇ ಸಲ ನಿಲ್ಲಿಸ್ಬೇಡಿ, ಅದಕ್ಕೆ ಬೇರೆ ತಲೆನೋವು ಬರುತ್ತೆ. ಫುಲ್ ಬದ್ಲು ಬೈ ಟು ಹೇಳಿ, ಮಧ್ಯಾಹ್ನ ಊಟ ಆದ್ಮೇಲೆ ಕಾಫಿ ಬೇಡ, ಮಜ್ಜಿಗೆ ಕುಡೀರಿ.

ಹುಬ್ಬಳ್ಳಿ_ಗಿರ್ಮಿಟ್
ನಂದೂ ಇದ ಕತಿ ಆಗಿತ್ರಿ. ಮೂರನೇ ದಿನ ಹೆಂಡ್ತಿ ಮ್ಯಾಲೆ, ಮಕ್ಕಳ ಮ್ಯಾಲೆ ಸುಮ್ ಸುಮ್ನ ಒದರ್‍ಯಾಡಿದ್ದೆ. ನಿಕೋಟಿನ್ ಅಂದ್ರ ಮೈಗೆ ಚುರುಕು ಕೊಡೂದು, ಇಷ್ಟ್ ವರ್ಷ ದಿನಕ್ಕ ಹತ್ತ್ ಸರ್ತಿ ಚಾಬೂಕ್ ಹೊಡದು ಓಡಿಸಿದ ಕುದುರಿ, ಈಗ ಚಾಬೂಕ್ ಇಲ್ಲಂದ್ರ ನಿಂತಬಿಡ್ತದ. ನನಗ ಎರಡನೇ ವಾರಕ್ಕ ಸ್ವಲ್ಪ ಇಳೀತು, ಮೂರು ವಾರ ದಾಟಿದ ಮ್ಯಾಲೆ ಖರೇ ಹಗುರಾತು. ಬೆಳಿಗ್ಗೆ ಬಿಸಿಲು ಬಿದ್ದಕೂಡ್ಲೆ ಇಪ್ಪತ್ತ್ ನಿಮಿಷ ಅಡ್ಡಾಡ್ರಿ, ಆಗೂದಿಲ್ಲ ಅನಿಸಿದ್ರೂ ಹೋಗ್ರಿ. ಮತ್ತ ಹೊಟ್ಟಿ ಬಗ್ಗೆ ಯಾರೂ ಹೇಳೂದಿಲ್ಲ, ಬೆಳಿಗ್ಗೆ ಒಂದ್ ಸೇದದ ಹೊರಕಡೆ ಆಗ್ತಿರ್ಲಿಲ್ಲಲ್ಲ, ಅದೂ ಕಟ್ಟತದ, ಅದರಿಂದನೂ ಮೈ ಭಾರ. ಪಪ್ಪಾಯಿ ತಿನ್ರಿ, ನೀರು ಕುಡೀರಿ.

ತಡೀಲಿಕ್ಕ ಆಗಲಿಲ್ಲಂದ್ರ ಮೆಡಿಕಲ್‌ನ್ಯಾಗ 2 ಎಂಜಿ ನಿಕೋಟಿನ್ ಗಮ್ ಸಿಗ್ತದ. ಬಬಲ್ ಗಮ್ ಗತೆ ಜಗದು ನನಗ ಬಿಕ್ಕಳಿಕಿ ಬಂದಿತ್ತು. ನಾಲ್ಕು ಸರ್ತಿ ಜಗದು ಖಾರ ಹತ್ತಿದ ಕೂಡ್ಲೆ ದವಡಿ ಸಂದ್ಯಾಗ ಇಡಬೇಕು. ಕಾಫಿ ಕುಡದ್ ಕೂಡ್ಲೆ ಹಾಕೋಬ್ಯಾಡ್ರಿ, ಸರಿ ಹತ್ತೂದಿಲ್ಲ.

ಒಂದೇ_ಏಟು
ಗಮ್ ಅಂದ್ರೂ ಅದೇ ನಿಕೋಟಿನ್ ತಾನೇ ಸ್ವಾಮಿ? ಒಂದು ಚಟ ಬಿಟ್ಟು ಇನ್ನೊಂದು ಹಿಡ್ಕೊಂಡ ಹಾಗೆ. ಮನಸ್ಸು ಗಟ್ಟಿ ಮಾಡಿ, ಅಷ್ಟೇ.

ಮಲ್ಲಿಗೆ_ಮನೆ
@ಒಂದೇ_ಏಟು ಮನಸ್ಸು ಗಟ್ಟಿ ಮಾಡಿ ಅಂತ ನಮ್ಮನೆಯವರೂ ನಾಲ್ಕು ಸಲ ಬಿಟ್ಟು ನಾಲ್ಕು ಸಲ ಶುರು ಮಾಡಿದ್ರು. ಗಮ್‌ನಲ್ಲಿ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ, ಶ್ವಾಸಕೋಶ ಹಾಳು ಮಾಡೋದು ಹೊಗೆ.

ಅಣ್ಣ, ಪ್ಯಾಕೆಟ್ ಮೇಲೇ ತಂಬಾಕು ಬಿಡೋಕೆ ಸಹಾಯ ಮಾಡೋ ಒಂದು ನಂಬರ್ ಇರುತ್ತಲ್ಲ, 1800-11-2356, ಇಷ್ಟು ವರ್ಷ ಕೈಲಿ ಹಿಡ್ಕೊಂಡೂ ಓದಿರಲ್ಲ ಯಾರೂ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ, ನಮ್ಮ ನಿಮ್ಹಾನ್ಸ್‌ನಲ್ಲೇ ಅದರ ಒಂದು ಸೆಂಟರ್ ಇದೆ. ಇವ್ರು ಮಾಡಲ್ಲ ಅಂದ್ರು ಅಂತ ನಾನೇ ಫೋನ್ ಮಾಡಿ ಕೈಗೆ ಕೊಟ್ಟೆ.

ಇನ್ನೊಂದು, ಬೇರೆ ಮಾತ್ರೆ ಏನಾದ್ರೂ ತಗೊಳ್ತಿದ್ರೆ ಬೀಡಿ ಸಿಗರೇಟ್ ಬಿಟ್ಟಿದೀನಿ ಅಂತ ಡಾಕ್ಟರ್‌ಗೆ ಹೇಳಿ. ನಮ್ಮಪ್ಪಂಗೆ ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ಕೊಡ್ತಿದ್ರು, ಬೀಡಿ ಬಿಟ್ಟ ವಾರಕ್ಕೆ ವಾಂತಿ, ಕೈ ನಡುಕ. ಮೇಲೆ ಕಾಫಿ ಬಗ್ಗೆ ಹೇಳಿದ್ರಲ್ಲ, ಆ ಮಾತ್ರೆ ಕರಗೋದೂ ಅದೇ ಎಂಜೈಮ್‌ನಿಂದ್ಲೇ, ಡಾಕ್ಟರ್ ಡೋಸ್ ಇಳಿಸಿದ ಮೇಲೆ ಸರಿ ಹೋಯ್ತು. ಶುಗರ್ ಇರೋರೂ ಹೇಳ್ಬೇಕು. ತಿಂಗಳಾದ್ರೂ ಸುಸ್ತು ಹಾಗೇ ಇದ್ರೆ ಹಿಮೋಗ್ಲೋಬಿನ್, ಥೈರಾಯ್ಡ್ ಒಂದು ಸಲ ನೋಡಿಸಿ. ಎದೆ ನೋವು ಬಂದ್ರೆ ಇಲ್ಲಿ ಕೇಳ್ತಾ ಕೂರ್ಬೇಡಿ, ಆಸ್ಪತ್ರೆಗೆ ಹೋಗಿ.

ಕೊಬ್ಬರಿ_ಲೆಕ್ಕ
ಇವತ್ತು ಹದಿಮೂರನೇ ದಿನ, ಸೇದಿಲ್ಲ. ಕಾಫಿ ದಿನಕ್ಕೆ ಮೂರು ಬೈ ಟುಗೆ ಇಳಿಸಿದೀನಿ, ನಾಲ್ಕು ದಿನದಿಂದ ರಾತ್ರಿ ಆರು ಗಂಟೆ ನಿದ್ದೆ ಬರ್ತಿದೆ. ಊಟ ಆದ್ಮೇಲೆ ಇನ್ನೂ ತೂಕಡಿಕೆ ಇದೆ, ಸಾಹುಕಾರ್ರಿಗೆ ಇದ್ದಿದ್ದು ಹೇಳ್ದೆ, ಗೋಣಿಚೀಲದ ಮೇಲೆ ಇಪ್ಪತ್ತು ನಿಮಿಷ ಬಿದ್ಕೊ ಹೋಗು, ಲೆಕ್ಕ ತಪ್ಪೋದಕ್ಕಿಂತ ವಾಸಿ ಅಂದ್ರು. ಹೋಟೆಲ್‌ನವನು ಮಾತ್ರ ದಿನಾ ಕೇಳ್ತಾನೆ, ಬೈ ಟು ಅಂತೀರಿ, ಇನ್ನೊಬ್ರು ಎಲ್ಲಿ ಅಂತ.